ಬಲೂನಿನ ಕಬ್ಬು, ಕೊಡೆಯ ಕಬ್ಬು

"ಬಿಗಿಯಾಗ್ ಕಟ್ಟು ಕಂದಾ, ಗಾಳಿಗೆ ಹಾರಿ ಹೋದೀತು," ಎಂದಳು ಓಚ್ಚಮ್ಮಾಳ್ ಅಪ್ಪತ್ತಾ.

ಅಪ್ಪನ ತಾಯಿಯ ಮಾತನ್ನು ಅಭಿರಾಮಿ ಮೀರುವವಳಲ್ಲ. ಒಂದು ಕಬ್ಬಿಗೆ ಕೆಂಪು ಬಲೂನು ಕಟ್ಟಿದಳು. ಇನ್ನೊಂದಕ್ಕೆ ತನ್ನ ಸ್ಕೂಲ್ ಕೊಡೆ ಕಟ್ಟಿದಳು.

ಕಂಬಂ ಊರಿನ ದೇವರ ದನಗಳ ದೊಡ್ಡಿಯಲ್ಲಿ ಪಟ್ಟದ ಹೋರಿ ಮೆಲುಕು ಹಾಕುತ್ತ ಇಬ್ಬರನ್ನೂ ನೋಡುತ್ತಿತ್ತು. ಕಬ್ಬು ಹರಡಿದಾಗ ಯಾವ ಹೋರಿ ಮೊದಲು ಬಂದು ತಿನ್ನುತ್ತದೋ ಅದಕ್ಕೇ ಪಟ್ಟ. ಹಾಗಾಗಿ ಕಬ್ಬಿನ ವಿಷಯದಲ್ಲಿ ಅದು ಹೇಳಿದ್ದೇ ದೇವರ ಮಾತು ಎಂದು ಅಪ್ಪತ್ತಾಳ ನಂಬಿಕೆ.

ಅಪ್ಪತ್ತಾಳ ಹೃದಯದ ಒಂದು ವಾಲ್ವ್ ಗಟ್ಟಿಯಾಗಿ, ಸರಿಯಾಗಿ ತೆರೆಯುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ತಡಮಾಡಿದರೆ ಜೀವಕ್ಕೇ ಅಪಾಯ ಎಂದು ದಿಂಡಿಗಲ್ಲಿನ ಡಾಕ್ಟರಮ್ಮ ಎರಡು ಹೊಸ ವಾಲ್ವ್‌ಗಳನ್ನು ಮೇಜಿನ ಮೇಲಿಟ್ಟು ತೋರಿಸಿದ್ದರು. ಎರಡನ್ನೂ ತೊಡೆಯ ರಕ್ತನಾಳದಿಂದ ಒಳಗೆ ಕಳಿಸುತ್ತಾರೆ, ಎದೆ ಕೊಯ್ಯುವುದಿಲ್ಲ. ಗಿಡ್ಡನೆಯದನ್ನು ಬಲೂನು ಉಬ್ಬಿಸಿ ಅರಳಿಸಬೇಕು. ಉದ್ದನೆಯದು ಕೊಳವೆಯಿಂದ ಹೊರಬಂದೊಡನೆ ತಾನೇ ಅರಳುತ್ತದೆ, ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆಯ ಹಾಗೆ. ಅಪ್ಪತ್ತಾಳ ಹೃದಯದಲ್ಲಿ ವಾಲ್ವ್ ಕೂರುವ ಜಾಗ ಕಿರಿದು, ಅದಕ್ಕೆ ಉದ್ದನೆಯದೇ ಮೇಲು ಎಂದಿದ್ದರು.

ಆದರೆ ಗಿಡ್ಡದರ ಎಸಳುಗಳು ಹಸುವಿನ ಪೊರೆಯವು, ಉದ್ದದರವು ಹಂದಿಯ ಪೊರೆಯವು. ಅಲ್ಲಿಗೆ ಎಲ್ಲ ನಿಂತಿತು. ಹಸು ದೇವರು, ಅದು ಬೇಡ. ಹಂದಿಯಂತೂ ಬೇಡವೇ ಬೇಡ. ವಿಷ್ಣು ಪೆರುಮಾಳೇ ಹಂದಿಯಾಗಿ ಬಂದಿಲ್ಲವೇ ಎಂದು ಅಪ್ಪ ಗಣೇಶನ್ ಕೇಳಿ ನೋಡಿದ್ದ.

"ಬಂದಾರ್, ಭೂಮಿಯ ಎತ್ತಿಟ್ಟು ಹೋದಾರ್. ಯಾರ ಎದೆಯೊಳಗೂ ಕುಂತ್ಕೊಳ್ಲಿಲ್ಲ," ಎಂದು ಅಪ್ಪತ್ತಾ ಅವನ ಬಾಯಿ ಮುಚ್ಚಿಸಿದ್ದಳು. ಕೊನೆಗೆ, ಹೋರಿಯೇ ಹೇಳಲಿ ಎಂದಿದ್ದಳು.

ಹೋರಿ ಎದ್ದು ಬಂದಿತು. ಗಂಭೀರವಾಗಿ ಬಲೂನನ್ನು ಮೂಸಿತು. ಕೊಂಬು ತಾಗಿ ಬಲೂನು ಢಬ್ಬೆಂದು ಒಡೆಯಿತು. ಪಟ್ಟದ ಹೋರಿ ಬಾಲವೆತ್ತಿ, ಕರುಗಳನ್ನೂ ಹಿಂದೆ ಹಾಕಿ ಓಡಿ, ಹುಲ್ಲಿನ ಬಣವೆಯ ಹಿಂದೆ ಅಡಗಿತು. ಬಣವೆ ಚಿಕ್ಕದು. ಹೋರಿಯ ಹಿಂಭಾಗವೆಲ್ಲ ಹೊರಗೇ ಇತ್ತು.

"ನೋಡಿದ್ಯಾ? ಎರಡೂ ಬ್ಯಾಡ ಅಂತು. ಆಪರೇಷನ್ನೇ ಬ್ಯಾಡ. ನಡಿ ಮನೆಗೆ," ಎಂದಳು ಅಪ್ಪತ್ತಾ. ಅವಳ ಮುಖದಲ್ಲಿ ಗೆದ್ದ ಕಳೆ ಮಾತ್ರ ಇರಲಿಲ್ಲ.

ಅಭಿರಾಮಿಗೆ ಅಳು ಬಂತು. "ಬ್ಯಾಡ ಅನ್ಲಿಲ್ಲ ಅಪ್ಪತ್ತಾ. ಅದಕ್ಕೆ ಬಯ, ಅಷ್ಟೇ."

"ಪಟ್ಟದ ಹೋರಿಗೇನ್ ಬಯ?"

"ದೊಡ್ಡವರಿಗೆ ಬಯ ಇರಾದಿಲ್ವಾ?"

ಮನೆಗೆ ಹೊರಟಿದ್ದ ಅಪ್ಪತ್ತಾ ಅಲ್ಲೇ ನಿಂತಳು.

ಅಭಿರಾಮಿ ಬಣವೆಯ ಬಳಿ ಹೋಗಿ ಸುಮ್ಮನೆ ನಿಂತಳು. ಕರೆಯಲಿಲ್ಲ, ಎಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಇಣುಕಿತು. ಆಮೇಲೆ ಹೋರಿ ಅವಳ ಹಿಂದೆಯೇ ಬಂದು, ಕೊಡೆಯ ಕಬ್ಬನ್ನು ಮುರಿದು ತಿಂದಿತು. ಕೊಡೆಯ ಹಿಡಿಯನ್ನೂ ಒಂದಿಷ್ಟು ಅಗಿಯಿತು.

ಅಪ್ಪತ್ತಾ ಕಬ್ಬನ್ನು ನೋಡುತ್ತಿರಲಿಲ್ಲ. ಮೆಲ್ಲಗೆ ಕೇಳಿದಳು: "ಆ ಆಪರೇಷನ್ ರೂಮ್ ಹೊರಗೆ ನೀ ಕುಂತಿರ್ತೀಯಾ? ಸ್ಕೂಲ್ ಇದ್ರೂ?"

ಅಭಿರಾಮಿ ಅವಳ ಕೈ ಹಿಡಿದಳು. ಅಷ್ಟು ಬಿಸಿಲಿನಲ್ಲೂ ಅದು ತಣ್ಣಗಿತ್ತು. ಹಸು, ಹಂದಿ, ಕಬ್ಬು ಎಂದು ಇಷ್ಟು ದಿನ ಸುತ್ತಿ ಬಳಸಿ ಬಂದದ್ದು ಈ ಒಂದು ಪ್ರಶ್ನೆಗೇ ಇರಬೇಕು ಎನಿಸಿತು.

"ಟೆಸ್ಟ್ ಇದ್ರೂ," ಎಂದಳು.

"ಹಂಗಾದ್ರೆ ಆ ಉದ್ದದ್ದೇ ಹಾಕ್ಲಿ."

ದಾರಿಯಲ್ಲಿ ಅಭಿರಾಮಿ ಗುಂಡಿ ಒತ್ತಿದಳು. ಅಗಿದ ಕೊಡೆ ತಾನೇ ಅರಳಿತು. ಇಬ್ಬರೂ ಅದರ ಕೆಳಗೆ ನಡೆದರು, ಅಪ್ಪತ್ತಾಳ ಉಸಿರಿಗೆ ತಕ್ಕಷ್ಟು ನಿಧಾನವಾಗಿ.