ಪತ್ತೇದಾರಿ ಹುಡುಗಿ ಓದಿದ ಮೂರು ಪುಸ್ತಕ

"ಕೊಲೆಗಾರ ಯಾರು ಅಂತ ಮೂರನೇ ಪುಟದಲ್ಲೇ ಬರ್ದಿಟ್ಟಿದೀರಲ್ಲ, ನಿಮ್ಗೇನು ಸಿಕ್ತು?"

ಇಸಾಬೆಲ್ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಸಕಲೇಶಪುರದ ಗ್ರಂಥಾಲಯದಲ್ಲಿ ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು.

ಮೇಜಿನ ಹಿಂದೆ ಕೂತಿದ್ದ ಯುವಕ ಪುಟ ತೆರೆದು ನೋಡಿದ. ಅಂಚಿನಲ್ಲಿ ಪೆನ್ಸಿಲ್ ಬರಹ: 'ಅಡುಗೆಯವನೇ ಕೊಂದದ್ದು.'

"ನಾನ್ಯಾಕೆ ಬರೀಲಿ? ಕೆಲಸಕ್ಕೆ ಸೇರಿ ನಾಕು ದಿನ ಆಯ್ತು ಅಷ್ಟೆ."

"ನಿಮ್ಮ ಕಿವಿ ಮೇಲೆ ಪೆನ್ಸಿಲ್ ಐತಲ್ಲ."

"ಪೆನ್ಸಿಲ್ ಇಟ್ಕೊಂಡೋರೆಲ್ಲ ತಪ್ಪು ಮಾಡೋರಾ?" ಅವನು ರಬ್ಬರ್ ಹುಡುಕಿ ಆ ಸಾಲನ್ನು ಉಜ್ಜಿದ. "ಅಳ್ಸಿ ಏನು ಬಂತು, ನಿಮ್ಗೆ ಗೊತ್ತಾಗೋಯ್ತಲ್ಲ."

ಅವನು ನಕ್ಕ. ಅವಳಿಗೆ ಕೋಪ ಬರಬೇಕಿತ್ತು. ಯಾಕೋ ಬರಲಿಲ್ಲ…

ಇದು ೧೯೭೮ರ ಮಾತು. ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದ ಲಾಜರಸ್‌ರ ಒಬ್ಬಳೇ ಮಗಳು ಇಸಾಬೆಲ್. ಬಿ.ಎ. ಎರಡನೇ ವರ್ಷ. ಎಂಟನೇ ಕ್ಲಾಸಿನಿಂದಲೂ ಅವಳು ಓದಿದ್ದು ಪತ್ತೇದಾರಿ ಕಾದಂಬರಿ ಮಾತ್ರ. ಪಕ್ಕದ ಮನೆಯವರ ಚಪ್ಪಲಿಯ ಕೆಸರು ನೋಡಿ ಅವರು ಎಲ್ಲಿಗೆ ಹೋಗಿದ್ದರು ಎಂದು ಹೇಳಿಬಿಡುವ ಹುಡುಗಿ.

ಅದೇ ವಾರ ಕನ್ನಡ ಮೇಷ್ಟ್ರು ಚನ್ನಬಸವಯ್ಯ ತರಗತಿಯಲ್ಲಿ ಹೇಳಿದರು: "ನೀವು ಯಾವತ್ತೂ ಮುಟ್ಟದ ಬಗೆಯ ಮೂರು ಪುಸ್ತಕ ಓದಿ. ಸಾರಾಂಶ ಬೇಡ. ಓದಿ ನಿಮಗೇನಾಯಿತು, ಅದನ್ನು ಬರೀರಿ."

ಶನಿವಾರ ಇಸಾಬೆಲ್ ಮತ್ತೆ ಆ ಮೇಜಿನ ಮುಂದೆ ನಿಂತಿದ್ದಳು. ಯುವಕನ ಹೆಸರು ಮ್ಯಾಥ್ಯೂ ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದಳು.

"ಮೂರು ಪುಸ್ತಕ ಹೇಳಿ. ಯಾರೂ ಸಾಯ್ಬಾರ್ದು."

ಮೊದಲು ಅವನು ಕೊಟ್ಟದ್ದು ಜೇನು ಸಾಕಣೆಯ ಪುಸ್ತಕ. ಇಪ್ಪತ್ತು ಪುಟದವರೆಗೆ ಆಕಳಿಕೆ. ಆಮೇಲೆ ಒಂದು ಬೆಳಿಗ್ಗೆ, ಕಾಫಿ ಹೂ ಬಿಟ್ಟಿದ್ದ ತೋಟದಲ್ಲಿ, ಒಂದೇ ಗಿಡದ ಮುಂದೆ ಅವಳು ಜೇನುನೊಣಗಳನ್ನು ನೋಡುತ್ತಾ ಬಸ್ಸು ತಪ್ಪುವವರೆಗೆ ನಿಂತಳು.

ಎರಡನೆಯದು ಕವಿತೆಗಳು.

"ಒಂದಕ್ಷರ ಅರ್ಥ ಆಗ್ಲಿಲ್ಲ ಕಣ್ರೀ."

"ಬಾಯ್ಬಿಟ್ಟು ಓದಿದ್ರಾ?"

ಅಂದು ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಕೇಳುವಂತೆ ಓದಿದಳು. ಎರಡನೇ ಕವಿತೆಗೆ ಅಪ್ಪ ಪೇಪರ್ ಮಡಚಿಟ್ಟು ಬಾಗಿಲಿಗೆ ಬಂದು ನಿಂತರು. ಅವಳಿಗೆ ಅರ್ಥ ಆಗಲಿಲ್ಲ, ಆದರೆ ಯಾಕೋ ಅದನ್ನೇ ಮತ್ತೆ ಮೊದಲಿನಿಂದ ಓದಿದಳು.

ಮೂರನೆಯದು ಒಬ್ಬ ಸೂಲಗಿತ್ತಿಯ ಜೀವನಕಥೆ. ಅದನ್ನು ಕೊಡುವಾಗ ಮ್ಯಾಥ್ಯೂವಿನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಕೈ ಹಿಂತೆಗೆಯಲಿಲ್ಲ.

ಬಸ್ಸಿನಲ್ಲಿ ಅವಳು ಪುಸ್ತಕದ ಹಿಂದಿದ್ದ ಚೀಟಿಯನ್ನು ಸುಮ್ಮನೆ ನೋಡಿದಳು. ಹಿಂದೆ ಒಯ್ದವರ ಹೆಸರಿನ ಜಾಗದಲ್ಲಿ ಒಂದೇ ಹೆಸರು: ಸ್ಟೆಲ್ಲಾ. ಈ ಹೆಸರನ್ನು ಎಲ್ಲೋ ನೋಡಿದ್ದೇನೆ… ಹೌದು, ಜೇನಿನ ಪುಸ್ತಕದಲ್ಲೂ ಇತ್ತು. ಕವಿತೆಯ ಪುಸ್ತಕದಲ್ಲೂ. ಅದೂ ನನ್ನ ಹೆಸರು ಬರೆದ ಮ್ಯಾಥ್ಯೂವಿನ ಅದೇ ದುಂಡು ಅಕ್ಷರದಲ್ಲಿ.

ಪತ್ತೇದಾರಿ ಬುದ್ಧಿ ಕ್ಷಣದಲ್ಲಿ ಎಲ್ಲವನ್ನೂ ಜೋಡಿಸಿತು. ಯಾರೋ ಹುಡುಗಿಗೆ ಇವೇ ಮೂರನ್ನು ಮೊದಲೇ ಕೊಟ್ಟಿದ್ದಾನೆ. ಈಗ ನನ್ನ ಸರದಿ. ನನ್ನ ನಂತರ ಇನ್ನೊಬ್ಬಳು…

ಅವಳು ಗ್ರಂಥಾಲಯಕ್ಕೆ ಹೋಗುವುದನ್ನು ಬಿಟ್ಟಳು. ಮೂರು ಶನಿವಾರ ಕಳೆದವು.

ಅಷ್ಟರಲ್ಲಿ ಮಂಗಳೂರಿನಿಂದ ಒಂದು ಸಂಬಂಧ ಬಂತು. ಲಾಜರಸ್ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಸೋಮವಾರ ಅವರಿಗೆ ಕಾಗದ ಹಾಕ್ಬೇಕು. ನಿನ್ನ ಮನ್ಸಲ್ಲಿ ಏನೈತೆ ಹೇಳು ಮಗ."

"ನಿಮ್ಮಿಷ್ಟ ಅಪ್ಪ."

ಹೇಳಿ ಒಳಗೆ ಹೋದವಳು ಮೇಷ್ಟ್ರಿಗೆ ಬರೆಯಬೇಕಿದ್ದ ಪ್ರಬಂಧ ತೆಗೆದಳು. ಸೂಲಗಿತ್ತಿಯ ಪುಸ್ತಕದ ಬಗ್ಗೆ ಬರೆಯುತ್ತಾ ಹೋದಳು. ಆ ಹೆಂಗಸು ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ ಕೇಳುತ್ತಿದ್ದಳು, 'ಎಲ್ಲಿ ನೋಯ್ತಾ ಐತೆ ತಾಯಿ?' ಮುಖ ನೋಡಿ ತಾನೇ ತೀರ್ಮಾನ ಮಾಡುತ್ತಿರಲಿಲ್ಲ. ಕೇಳುತ್ತಿದ್ದಳು.

'ನಾನು ಓದಿದ ಪತ್ತೇದಾರಿ ಕತೆಗಳಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ' ಎಂದು ಇಸಾಬೆಲ್ ಬರೆದಳು. 'ಎಲ್ಲರೂ ಸುಳ್ಳು ಹೇಳುತ್ತಾರೆ ಎಂದೇ ಅಲ್ಲಿ ಲೆಕ್ಕ. ನಾನು ಮನುಷ್ಯರನ್ನೂ ಹಾಗೇ ಓದಿದೆ.'

ಬರೆದು, ತಾನೇ ಬರೆದದ್ದನ್ನು ನೋಡುತ್ತಾ ಕೂತಳು. ಮೊದಲ ಭೇಟಿಯಲ್ಲೂ ಅವನನ್ನು ತಪ್ಪಾಗಿ ಹಿಡಿದವಳು ನಾನೇ ಅಲ್ಲವೇ…

ಮರುದಿನ ಶನಿವಾರ. ಮೊದಲ ಬಸ್ಸಿಗೇ ಹೊರಟಳು.

ಗ್ರಂಥಾಲಯದ ಬಾಗಿಲು ಆಗಷ್ಟೇ ತೆರೆದಿತ್ತು. ಮ್ಯಾಥ್ಯೂ ಅವಳನ್ನು ಕಂಡು ಎದ್ದು ನಿಂತ. ಮುಖ ಸೊರಗಿತ್ತು.

"ಸ್ಟೆಲ್ಲಾ ಅಂದ್ರೆ ಯಾರು?"

"ನಮ್ಮಮ್ಮ."

ಇಸಾಬೆಲ್ ಚೀಲದಿಂದ ಸೂಲಗಿತ್ತಿಯ ಪುಸ್ತಕ ತೆಗೆದು ಚೀಟಿಯ ಮೇಲಿನ ಆ ಹೆಸರನ್ನು ಮತ್ತೊಮ್ಮೆ ನೋಡಿದಳು.

"ಹೆಗ್ಗದ್ದೆ ಹತ್ರ ಎಸ್ಟೇಟ್ ಕೂಲಿಯೋರ ಲೈನ್‌ನಲ್ಲಿದೀವಿ. ಅಮ್ಮ ಸ್ಟೋರಲ್ಲಿ ಕಾಫಿ ಬೀಜ ಆರಿಸ್ತಾರೆ. ಮನೇಲಿ ಮಾತು ಕೊಂಕಣಿ, ಶಾಲೆಗೆ ಹೋದೋರಲ್ಲ. ನಲವತ್ತು ದಾಟಿದ್ಮೇಲೆ ನಾನೇ ಕನ್ನಡ ಅಕ್ಷರ ಕಲಿಸ್ದೆ, ಇಲ್ಲಿ ಕೆಲಸಕ್ಕೆ ಸೇರೋ ಮುಂಚೆ ಅವರ ಹೆಸರಲ್ಲಿ ನಾನೇ ಚೀಟಿ ತುಂಬಿ ಪುಸ್ತಕ ಒಯ್ತಿದ್ದೆ. ಅವರು ಪೂರ್ತಿ ಓದಿ ಮುಗಿಸಿದ್ದು ಈ ಮೂರೇ." ಅವನು ತಲೆ ತಗ್ಗಿಸಿದ. "ನನ್ನ ಹತ್ರ ಇದ್ದಿದ್ರಲ್ಲಿ ಒಳ್ಳೇದು ಇದೇ ಅಂತ ನಿಮ್ಗೆ ಕೊಟ್ಟೆ. ಬೇರೆ ಯಾರಿಗೂ ಕೊಟ್ಟಿಲ್ಲ."

ಅವಳ ಕಣ್ಣು ತುಂಬಿತು. "ನಾನು ಅವತ್ತೇ ಕೇಳ್ಬೇಕಿತ್ತು…"

"ನಾನೂ ಹೇಳ್ಬೇಕಿತ್ತು. ರೈಟರ ಮಗಳು ನೀವು. ನಾನು ಲೈನ್ ಮನೆಯೋನು. ನಾಲಿಗೆ ಏಳ್ಲಿಲ್ಲ."

"ಮಂಗಳೂರಿಂದ ನಂಗೊಂದು ಸಂಬಂಧ ಬಂದೈತೆ. ಸೋಮವಾರ ಅವರಿಗೆ ಕಾಗದ ಹೋಗುತ್ತೆ. ಏನಂತ ಬರೆಸ್ಲಿ?"

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಮೊದಲ ಸಲ ಅವಳ ಕಣ್ಣನ್ನೇ ನೋಡಿ ಹೇಳಿದ.

"ಬೇಡ ಅಂತ ಬರೆಸಿ. ನಂಗೆ ನೀವು ಬೇಕು ಇಸಾಬೆಲ್."

ಅಂದು ಮಧ್ಯಾಹ್ನ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಲಾಜರಸ್ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದರು.

"ನಿನ್ನೆ ಕೇಳ್ದಾಗಲೇ ಹೇಳೋಕೆ ಏನಾಗಿತ್ತು?" ಅಂದರು. "ನಾಳೆ ಚರ್ಚಲ್ಲಿ ಪೂಜೆ ಮುಗಿದ್ಮೇಲೆ ಆ ತಾಯಿನ ಮಾತಾಡಿಸ್ತೀನಿ."

ಭಾನುವಾರ ಚರ್ಚಿನ ಅಂಗಳದಲ್ಲಿ ಲಾಜರಸ್ ಮತ್ತು ಸ್ಟೆಲ್ಲಾ ಕೊಂಕಣಿಯಲ್ಲಿ ಮಾತಾಡುತ್ತಾ ನಿಂತಿದ್ದರು. ಸ್ಟೆಲ್ಲಾ ಏನೋ ಹೇಳಿದ್ದಕ್ಕೆ ಲಾಜರಸ್ ಜೋರಾಗಿ ನಕ್ಕರು. ಗೇಟಿನ ಬಳಿ ನಿಂತಿದ್ದ ಇಸಾಬೆಲ್, ಮ್ಯಾಥ್ಯೂ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಇನ್ನು ನನ್ನ 'ನೀವು' ಅನ್ಬೇಡಿ" ಎಂದಳು ಇಸಾಬೆಲ್.

"ಮತ್ತೇನನ್ಲಿ?"

"'ನೀನು' ಅನ್ನಿ."

"ಹಂಗಾದ್ರೆ ನೀನೂ 'ಅನ್ನಿ' ಅನ್ಬೇಡ."

ಅವಳ ಕೆನ್ನೆ ಕೆಂಪಾಯಿತು. ಸ್ವಲ್ಪ ಹೊತ್ತು ಬಿಟ್ಟು, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು.

"ಸರಿ… ಅನ್ನು."