ತಿರುವಿನ ಪಿಕಪ್ಪಿನಲ್ಲಿ ಮಲಗುತ್ತಿದ್ದವನು

ಪಿಕಪ್ಪಿನ ಗಾಜು ತಟ್ಟುವಾಗ ಟಿಲ್ಡಾ ಹ್ಯಾಗೆನ್‌ಳದು ಒಂದೇ ನೇಮ: ಮೊದಲು ಸೂಪು, ಆಮೇಲೆ ಪ್ರಶ್ನೆ. ಹಸಿದವನ ಹತ್ತಿರ ಹೆಸರು ಕೇಳಬಾರದು.

ಅಮೆರಿಕದ ನೆಬ್ರಾಸ್ಕಾದ ಆ ಮರಳುಗುಡ್ಡಗಳ ಸೀಮೆಯಲ್ಲಿ ಮನೆ ಕಳೆದುಕೊಂಡವರು ಬೀದಿಯಲ್ಲಿ ಕಾಣಸಿಗುವುದಿಲ್ಲ. ಅಲ್ಲಿ ಬೀದಿಯಾದರೂ ಎಲ್ಲಿದೆ? ಕಾರಿನಲ್ಲಿ, ಹಳೆಯ ಕೊಟ್ಟಿಗೆಯಲ್ಲಿ, ಯಾರದೋ ಹಿತ್ತಲಿನಲ್ಲಿ ಮುಖ ಮುಚ್ಚಿಕೊಂಡು ಇರುತ್ತಾರೆ. ಅವರನ್ನು ಹುಡುಕಿ ಸೂರು ಹೊಂದಿಸುವುದೇ ಟಿಲ್ಡಾಳ ಕೆಲಸ. ಅವಳೋ ಗೋಧಿ ಬೆಳೆಯುವ ಕಡೆಯವಳು. ಈ ದನದ ಸೀಮೆಯಲ್ಲಿ ಅವಳಿಗಿದು ಮೊದಲ ಚಳಿಗಾಲ.

ಆ ದಿನ ಅವಳು ತಟ್ಟಿದ್ದು ರಸ್ತೆಯ ತಿರುವಿನಲ್ಲಿ, ಹುಲ್ಲುಗಾವಲಿನ ಪಕ್ಕ ನಿಂತಿದ್ದ ಪಿಕಪ್ಪಿನ ಗಾಜು. ಅದು ಇಳಿಯಿತು. ಕೆದರಿದ ತಲೆ, ವಾರದ ಗಡ್ಡ, ಅಂಗಿಯ ಮೇಲೆ ಒಣಗಿದ ಕೆಸರು. ಅಷ್ಟರ ನಡುವೆ ನಗಲು ಕಾದಿದ್ದ ಎರಡು ಕಂದು ಕಣ್ಣು. ಅಯ್ಯೋ, ಇಂಥವನಿಗೆ ಇಂಥ ಗತಿಯೇ ಎಂದು ಅವಳ ಕರುಳು ಚುರ್ರೆಂದಿತು.

“ಯಾವಾಗಿಂದ ಇಲ್ಲಿ ಮಲಗ್ತಿದೀರಿ?”

“ಫೆಬ್ರವರಿಯಿಂದ. ಆದ್ರೆ ಮೇಡಂ, ನಾನು...”

“ಏನೂ ಹೇಳ್ಬೇಡಿ. ಇದ್ರಲ್ಲಿ ನಾಚ್ಕೊಳೋದು ಏನಿದೆ? ಕುಡೀರಿ, ಆರೋಗತ್ತೆ.”

ಅವನು ಸೂಪನ್ನು ನೋಡಿದ, ಅವಳನ್ನು ನೋಡಿದ, ಮಾತನ್ನು ನುಂಗಿ ಸೂಪು ಕುಡಿದ. ಹೆಸರು ಆರ್ಲೋ ಎಂದಷ್ಟೇ ಹೇಳಿದ.

ಅಂದಿನಿಂದ ದಿನಾ ಬೆಳಿಗ್ಗೆ ಟಿಲ್ಡಾಳ ಗಾಡಿ ಆ ತಿರುವಿನಲ್ಲಿ ತಾನಾಗಿ ನಿಲ್ಲತೊಡಗಿತು. ಉಣ್ಣೆಯ ಕಾಲುಚೀಲ ಕೊಟ್ಟರೆ ಆರ್ಲೋ ಅದನ್ನು ಕೈಗೆ ಹಾಕಿಕೊಂಡು ಗೊಂಬೆಯಾಡಿಸಿ ಅವಳನ್ನು ನಗಿಸುತ್ತಿದ್ದ.

“ನೀವು ಬರೋ ದಾರಿ ನೋಡಿ ನೋಡಿ ನನ್ನ ಕತ್ತು ಜಿರಾಫೆದಾಗೋಯ್ತು.”

“ಹಸಿವಿಗೆ ಹಂಗಾಗತ್ತೆ,” ಎಂದು ಅವಳು ಮುಖ ತಿರುಗಿಸುವಳು, ಕೆನ್ನೆ ಕೆಂಪಾದದ್ದು ಕಾಣಬಾರದೆಂದು.

ಅಷ್ಟರಲ್ಲಿ ಊರಿನ ಹಾರ್ಡ್‌ವೇರ್ ಅಂಗಡಿಯ ಮೇಲೊಂದು ಕೋಣೆ ಖಾಲಿಯಾಯಿತು. ಸುತ್ತಮುತ್ತೆಲ್ಲ ಇದ್ದದ್ದು ಅದೊಂದೇ. ನ್ಯಾಯವಾಗಿ ಅದು ವರ್ನಾಳಿಗೆ ಸೇರಬೇಕು. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ಆ ಅಜ್ಜಿ, ಬಾಡಿಗೆ ಮನೆ ಮಾರಾಟವಾದ ಮೇಲೆ ಕಾರಿನಲ್ಲೇ ದಿನ ನೂಕುತ್ತಿದ್ದಳು. ಕೆಮ್ಮು ಬೇರೆ.

“ಆ ಹುಡುಗನಿಗೇ ಕೊಡೇ,” ಎಂದಳು ವರ್ನಾ. “ನನ್ನ ಕಾರಿನ ಹೀಟರ್ ಇನ್ನೂ ಉಸಿರಾಡ್ತಿದೆ. ಅವನ ಹೆಸರೆತ್ತಿದ್ರೆ ಸಾಕು, ನಿನ್ನ ಮುಖ ಊರಗಲ ಆಗತ್ತೆ.”

ಟಿಲ್ಡಾ ಬೇಡವೆಂದಳು, ಅಜ್ಜಿ ಹಟ ಹಿಡಿದಳು. ಕೊನೆಗೆ ಟಿಲ್ಡಾಳೇ ಸೋತು, ಕೋಣೆಯ ಬೀಗದ ಕೈ ಹಿಡಿದುಕೊಂಡು ತಿರುವಿಗೆ ಓಡಿ ಬಂದಳು.

ಆರ್ಲೋನ ಮುಖ ಬಿಳಿಚಿಕೊಂಡಿತು. “ಟಿಲ್ಡಾ, ನಂಗೆ ಮನೆ ಇದೆ. ಆ ಗುಡ್ಡದ ಹಿಂದೆ. ಈ ದನ ಸಾಕೋ ರ್ಯಾಂಚೂ ನಂದೇ.”

“ಮತ್ತೆ ಇಲ್ಲಿ ಯಾಕೆ ಬಿದ್ಕೊಂಡಿದ್ದೆ?”

“ಕಡಸುಗಳು ಈಯೋ ಕಾಲ. ಎಲ್ಲಾ ಚೊಚ್ಚಲು. ಹಿಮದಲ್ಲಿ ಕರು ಬಿದ್ರೆ ಸೆಟೆದುಹೋಗತ್ತೆ, ಪಕ್ಕದಲ್ಲೇ ಇರ್ಬೇಕು. ಇಲ್ಲಿ ಎಲ್ರೂ ಹಿಂಗೇ ಮಲಗೋದು. ಮೊದಲ್ನೇ ದಿನಾನೇ ಹೇಳೋಣಾಂತಿದ್ದೆ. ಹೇಳಿದ್ರೆ ನಾಳೆಯಿಂದ ನೀವು ಬರಲ್ಲ ಅನ್ನಿಸ್ತು.”

“ಆ ಮುದುಕಿ ನಿನಗೋಸ್ಕರ ತನ್ನ ಕೋಣೆ ಬಿಟ್ಕೊಟ್ಟಿದಾಳೆ ಕಣೋ! ಕೆಮ್ಮಿಕೊಂಡು ಕಾರಲ್ಲಿ ಕೂತಿದಾಳೆ. ನಿನಗೆ ಚೆಲ್ಲಾಟ!”

ಅವಳ ಕಣ್ಣು ತುಂಬಿತು. ಅವನ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಇತ್ತು. ಆ ಪುಣ್ಯಾತ್ಮನನ್ನು ಪ್ರೀತಿಸಿಬಿಟ್ಟಿದ್ದಳಲ್ಲ!

ಆರ್ಲೋ ಪಿಕಪ್ ತಿರುಗಿಸಿ, ನೇರ ವರ್ನಾಳ ಕಾರಿನ ಮುಂದೆ ಹೋಗಿ ನಿಲ್ಲಿಸಿದ. ಟೋಪಿ ತೆಗೆದು ಎಲ್ಲವನ್ನೂ ಒಪ್ಪಿಕೊಂಡ. ರ್ಯಾಂಚಿನಲ್ಲಿ ಆಳಿನ ಮನೆಯೊಂದು ವರ್ಷಗಳಿಂದ ಖಾಲಿ ಬಿದ್ದಿದೆ, ಒಳ್ಳೆಯ ಒಲೆ ಇದೆ, ಹತ್ತುವ ಮೆಟ್ಟಿಲಿಲ್ಲ, ಇವತ್ತೇ ಬನ್ನಿ ಎಂದ.

“ಇವನ ಕನಿಕರ ನಮಗೆ ಬೇಡ,” ಎಂದಳು ಹಿಂದೆಯೇ ಬಂದ ಟಿಲ್ಡಾ.

“ಸಿಟ್ಟು ನಿಂದು ಮಗಳೇ, ಸೊಂಟ ನಂದು,” ಎಂದು ವರ್ನಾ ಕಂಬಳಿ ಮಡಚಿದಳು. “ನಾನಂತೂ ಹೊರಟೆ.”

ಅಂಗಡಿಯ ಮೇಲಿನ ಕೋಣೆ ಒಬ್ಬ ತಾಯಿಗೂ ಅವಳ ಕೂಸಿಗೂ ಸಿಕ್ಕಿತು. ಟಿಲ್ಡಾ ಮಾತ್ರ ಆ ತಿರುವನ್ನು ಬಿಟ್ಟು ಸುತ್ತು ದಾರಿ ಹಿಡಿದಳು. ಪೆಟ್ರೋಲೂ ಸುಟ್ಟಿತು, ಮನಸ್ಸೂ ಸುಟ್ಟಿತು.

ಗುಡ್ಡಗಳು ಹಸಿರಾದ ಮೇಲೆ ಒಂದು ಬೆಳಿಗ್ಗೆ ವರ್ನಾಳನ್ನು ನೋಡಲು ಹೋದಳು. ಅಜ್ಜಿಯ ಕೆಮ್ಮು ಹೋಗಿತ್ತು, ಮನೆ ತುಂಬ ದಾಲ್ಚಿನ್ನಿ ಬನ್ನಿನ ಘಮ.

“ನಿನ್ನ ಆರ್ಲೋಗೆ ಸ್ವಲ್ಪ ಬುದ್ಧಿ ಹೇಳೇ. ಇನ್ನೂ ಆ ತಿರುವಲ್ಲೇ ಮಲಗ್ತಾನೆ.”

“ಕರು ಹಾಕೋದು ಇನ್ನೂ ಮುಗೀಲಿಲ್ವಾ?”

“ಮುಗೀದೇ ಏನು? ಕಡೇ ಕರುನೂ ಚಂಗಚಂಗ ಅಂತ ಕುಣೀತಿದೆ. ದನ ಎಲ್ಲ ಆಚೆ ಗುಡ್ಡಕ್ಕೆ ಹೋಗಿ ಎಷ್ಟು ಕಾಲ ಆಯ್ತು!”

ಟಿಲ್ಡಾ ಕಚ್ಚಿದ ಬನ್ನನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಖಾಲಿ ಹುಲ್ಲುಗಾವಲಿನ ಪಕ್ಕದಲ್ಲಿ ಪಿಕಪ್ ನಿಂತಿತ್ತು. ಗಾಜು ತಟ್ಟಿದಳು. ಆರ್ಲೋ ಗಾಬರಿಯಿಂದ ಎದ್ದು ತಲೆ ಬಡಿಸಿಕೊಂಡ.

“ಹಸು ಇಲ್ಲ, ಕರು ಇಲ್ಲ. ಯಾರನ್ನ ಕಾಯ್ತಿದೀಯ?”

“ನಾನು ಮನೇಲಿ ಮಲಗಿದ್ದಾಗ ನೀನು ಈ ದಾರೀಲಿ ಬಂದ್ಬಿಟ್ರೆ?”

ನಗಬಾರದೆಂದು ಅವಳು ತುಟಿ ಕಚ್ಚಿದಳು. ಎಲ್ಲಿ ಆಗಬೇಕು!

“ಇನ್ನೊಂದ್ಸಲ ನನ್ನಿಂದ ಏನಾದ್ರೂ ಮುಚ್ಚಿಟ್ಟೀಯ...”

“ಇಲ್ಲ, ಎಲ್ಲಾ ಈಗ್ಲೇ ಹೇಳ್ಬಿಡ್ತೀನಿ. ನಂಗೆ ಗೊರಕೆ ಇದೆ. ರ್ಯಾಂಚಿನವನಾದ್ರೂ ಕುದುರೆ ಕಂಡ್ರೆ ಭಯ. ಆಮೇಲೆ, ನಿನ್ನ ಬಿಟ್ಟು ನನ್ನಿಂದ ಇರಕ್ಕಾಗಲ್ಲ ಟಿಲ್ಡಾ. ಪ್ರೀತಿಸ್ತೀನಿ ನಿನ್ನ.”

“ಜರುಗು,” ಎಂದು ಅವಳು ಬಾಗಿಲು ತೆಗೆದು ಅವನ ಪಕ್ಕಕ್ಕೆ ಹತ್ತಿ ಕುಳಿತಳು. “ಮನೆಗೆ ನಡಿ. ಮೊದಲು ಸ್ನಾನ ಮಾಡು, ಆಮೇಲೆ ನಾನೂ ಅದೇ ಮಾತು ಹೇಳ್ತೀನಿ.”