ಕೊಂಬು ಬಂದದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಹಾಡಹಗಲಲ್ಲೇ ನನ್ನ ಕಂಪ್ಯೂಟರಿನಲ್ಲಿ ನಡೆದದ್ದು. ನಮ್ಮ ಮನೆಮಂದಿಯ ಬ್ಲಾಗಿನಲ್ಲಿ ಫೋಟೋ ಹಾಕದವರ ಹೆಸರಿನ ಪಕ್ಕ ಒಂದು ಬೂದು ಬೊಂಬೆ ಬರುತ್ತದೆ. ಅದರ ಬದಲು ಹೆಸರಿನ ಮೊದಲ ಅಕ್ಷರ ಬರಲಿ ಎಂದು ಬ್ಲಾಗಿನೊಳಗೆ ನಾನೊಂದು ತುಂಡು ಕೋಡ್ ಸಿಕ್ಕಿಸಿದೆ. ದರಿದ್ರ ಕೋಡ್ ಕೊಂಬನ್ನೇ ನುಂಗಿತು! ಪುಟ್ಟಿ ‘ಪ’ ಆದಳು, ಕುಳ್ಳ ‘ಕ’ ಆದ, ಗುಂಡನಾದ ನಾನು ‘ಗ’. ತಿದ್ದಿ ತಿದ್ದಿ ತಲೆ ಕೆಟ್ಟುಹೋಯಿತು.

“ನಿಮ್ಮ ಚಿಕ್ಕಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು,” ಎಂದು ಚಿಕ್ಕಮ್ಮ ಫೋನಿನಲ್ಲಿ ನಕ್ಕರು. ಪ್ರೆಸ್ಸಿನಲ್ಲಿ ಕೆಂಪು ಶಾಯಿಯಿಂದ ಕರಡು ತಿದ್ದುತ್ತಿದ್ದ ಚಿಕ್ಕಪ್ಪ ತೀರಿಕೊಂಡು ವರ್ಷವಾಗಿತ್ತು. ಮರುಕ್ಷಣ ಚಿಕ್ಕಮ್ಮನೇ, “ಓ, ಸರಿ ಮಾಡಿದ್ಯಾ? ಎಲ್ಲರಿಗೂ ಕೊಂಬು ಬಂತಲ್ಲೋ! ಕೆಂಪಗೆ ಯಾಕೆ?” ಎಂದರು.

ನಾನು ಏನೂ ಮಾಡಿರಲಿಲ್ಲ. ಪರದೆಯಿಂದ ಶಾಯಿಯ ವಾಸನೆ ಬರುತ್ತಿತ್ತು. ನನ್ನ ಕೆಲಸಕ್ಕೆ ಯಾರೋ ಕೈ ಹಾಕಿದ್ದಾರೆಂದು ರೇಗಿ ಕೋಡನ್ನೇ ಅಳಿಸಿದೆ. ಅಕ್ಷರಗಳು ಹೋಗಿ ಬೂದು ಬೊಂಬೆಗಳು ಮರಳಿದವು. ಒಂದೊಂದರ ಭುಜದ ಪಕ್ಕದಲ್ಲೂ ಆ ಕೆಂಪು ಕೊಂಬು ಹಾಗೇ ಉಳಿದಿತ್ತು.

ನನ್ನ ಬೊಂಬೆಗೆ ಮಾತ್ರ ಕೊಂಬಿಲ್ಲ. ಬೇಡದ ಅಕ್ಷರದ ಮೇಲೆ ಚಿಕ್ಕಪ್ಪ ಎಳೆಯುತ್ತಿದ್ದ ಕೆಂಪು ಗೆರೆ ಅದರ ಕತ್ತಿಗೆ ಅಡ್ಡವಾಗಿದೆ. ಶಾಯಿ ಇನ್ನೂ ಒಣಗಿಲ್ಲ.